ಮೊದಲ ಮೊಟ್ಟೆಗೆ ಕಾಯುವಾಗ ಕೋಳಿಯ ಒಳಗೆ ಏನು ನಡೆಯುತ್ತಿರುತ್ತದೆ

ದಿನಾ ಬೆಳಗ್ಗೆ ಎದ್ದ ಕೂಡಲೇ ಹಿತ್ತಲಿಗೆ ಹೋಗಿ ಗೂಡಿನೊಳಗೆ ಕೈ ಹಾಕಿ ನೋಡುತ್ತೀರಿ. ಹುಲ್ಲು ಇದೆ, ಒಂದೆರಡು ಪುಕ್ಕ ಇದೆ, ಮೊಟ್ಟೆ ಇಲ್ಲ. ಸಂಜೆ ಮತ್ತೆ ನೋಡುತ್ತೀರಿ. ಆಗಲೂ ಇಲ್ಲ. ಅಂಗೈಯಲ್ಲಿ ಹಿಡಿಸುವಷ್ಟಿದ್ದ ಮರಿಗಳು ಈಗ ಮೈತುಂಬಿಕೊಂಡು ಹಿತ್ತಲೆಲ್ಲ ಕೆದರುತ್ತಿವೆ, ಹಾಕಿದ್ದನ್ನೆಲ್ಲ ತಿಂದು ಮುಗಿಸುತ್ತಿವೆ, ಐದು ತಿಂಗಳು ಕಳೆದಿದೆ, ಆದರೂ ಒಂದೇ ಒಂದು ಮೊಟ್ಟೆ ಕಂಡಿಲ್ಲ. ನಾವೇ ಏನಾದರೂ ತಪ್ಪು ಮಾಡಿದೆವಾ ಅನ್ನಿಸುವುದು ಸಹಜ.

ಬಹಳಷ್ಟು ಸಲ ಏನೂ ತಪ್ಪಾಗಿರುವುದಿಲ್ಲ. ಹೊರಗಿನಿಂದ ನೋಡಿದರೆ ಸುಮ್ನೆ ತಿಂದುಕೊಂಡು ಓಡಾಡಿಕೊಂಡಿರುವ ಹಾಗೆ ಕಾಣುವ ಆ ಕೋಳಿಯ ಒಳಗೆ ಆ ಹೊತ್ತಿನಲ್ಲಿ ದೊಡ್ಡ ಕೆಲಸವೇ ನಡೆಯುತ್ತಿರುತ್ತದೆ. ಅದು ಏನು ಅಂತ ಗೊತ್ತಾದರೆ ಕಾಯುವುದು ಸುಲಭ. ಅದಕ್ಕಿಂತ ಮುಖ್ಯವಾಗಿ, ನಮ್ಮ ಅವಸರದಿಂದ ಕೋಳಿಗೆ ಆಗುವ ತೊಂದರೆ ತಪ್ಪುತ್ತದೆ. ನಾನು ಇದನ್ನು ಬರೆಯಲು ಕೂತಿದ್ದೇ ಆ ಕಾರಣಕ್ಕೆ.

ಮೊದಲು ವಯಸ್ಸಿನ ಮಾತು ಮುಗಿಸೋಣ. ಎಲ್ಲ ಕೋಳಿಗೂ ಒಂದೇ ಲೆಕ್ಕ ಇಲ್ಲ. ಲೆಗ್‌ಹಾರ್ನ್‌ನಂಥ ಹಗುರ ಮೈಯ ತಳಿಗಳು, ಮೊಟ್ಟೆಗಾಗಿಯೇ ತಯಾರಾದ ಮಿಶ್ರತಳಿಗಳು 17ರಿಂದ 20 ವಾರಕ್ಕೆ ಶುರು ಮಾಡಿಬಿಡುತ್ತವೆ. ರೋಡ್ ಐಲ್ಯಾಂಡ್ ರೆಡ್, ಆಸ್ಟ್ರಲಾರ್ಪ್ ಥರದ ನಡುಗಾತ್ರದವು ಸಾಮಾನ್ಯವಾಗಿ 20ರಿಂದ 24 ವಾರದ ಹೊತ್ತಿಗೆ. ಆರ್ಪಿಂಗ್ಟನ್, ಬ್ರಹ್ಮ, ಕೊಚಿನ್ ಥರದ ದಪ್ಪ ಮೈಯವು ಆರು ತಿಂಗಳು ದಾಟಿದ ಮೇಲೆ, ಕೆಲವು ಎಂಟಕ್ಕೆ. ಮೊಟ್ಟೆಗೆ ಅಂತ ಆರಿಸಿ ಬೆಳೆಸದ ನಾಟಿಕೋಳಿಗಳೂ ಆರೇಳು ತಿಂಗಳು ತೆಗೆದುಕೊಳ್ಳುತ್ತವೆ. ಒಂದೇ ದಿನ ಮೊಟ್ಟೆಯೊಡೆದು ಬಂದ ಅಕ್ಕತಂಗಿಯರಲ್ಲೇ ಮೂರು ನಾಲ್ಕು ವಾರದ ಅಂತರ ಇರುತ್ತದೆ. ಇನ್ನೊಂದು ವಿಷಯ, ವಾರಗಳನ್ನು ಎಣಿಸಬೇಕಾದದ್ದು ಮರಿ ಹೊರಬಂದ ದಿನದಿಂದ, ಅದನ್ನು ಮನೆಗೆ ತಂದ ದಿನದಿಂದ ಅಲ್ಲ. ತಂದಾಗ ಎಷ್ಟು ವಾರದ ಮರಿ ಅಂತ ಸರಿಯಾಗಿ ಗೊತ್ತಿಲ್ಲದೆ ಎಣಿಸಿದವರೇ ಜಾಸ್ತಿ ಗಾಬರಿಯಾಗುವುದು.

ಈ ಕೋಳಿಗಳ ಪೂರ್ವಜ ಕೆಂಪು ಕಾಡುಕೋಳಿ. ಅದು ಕಾಡಿನಲ್ಲಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ, ಅದೂ ಮರಿ ಮಾಡುವುದಕ್ಕೆ. ಇವತ್ತಿನ ಮೊಟ್ಟೆಕೋಳಿ ವರ್ಷಕ್ಕೆ 300ರ ಆಸುಪಾಸು ಇಡುತ್ತದೆ. ಅಂಗಗಳು ಅವೇ. ಕೆಲಸ ಮಾತ್ರ ಇಪ್ಪತ್ತು ಪಟ್ಟು. ಅಷ್ಟು ದುಡಿಯಬೇಕಾದ ಮೈ ತಯಾರಾಗಲು ಸಮಯ ಬೇಕೇ ಬೇಕು ಅಲ್ವಾ?

ಮೈ ಬಲಿತ ಮಾತ್ರಕ್ಕೆ ಮೊಟ್ಟೆ ಶುರುವಾಗುವುದಿಲ್ಲ. ಅದಕ್ಕೆ ಒಂದು ಸೂಚನೆ ಬೇಕು, ಆ ಸೂಚನೆ ಬೆಳಕು. ಇದು ನನಗೆ ತುಂಬಾ ಇಷ್ಟವಾದ ಭಾಗ. ಕೋಳಿ ಹಗಲಿನ ಉದ್ದವನ್ನು ಕಣ್ಣಿನಿಂದ ಮಾತ್ರ ತಿಳಿಯುವುದಿಲ್ಲ. ಅದರ ತಲೆಬುರುಡೆ ಎಷ್ಟು ತೆಳು ಅಂದರೆ ಬೆಳಕು ಅದನ್ನು ದಾಟಿ ಒಳಗೆ ಹೋಗುತ್ತದೆ, ಮಿದುಳಿನ ಆಳದಲ್ಲಿರುವ ಹೈಪೋಥಾಲಮಸ್ ಅನ್ನುವ ಭಾಗದ ಜೀವಕೋಶಗಳು ಆ ಬೆಳಕನ್ನು ನೇರವಾಗಿ ಹಿಡಿಯುತ್ತವೆ. ಕಣ್ಣೇ ಕಾಣದ ಕೋಳಿಗೂ ಹಗಲು ಉದ್ದವಾದದ್ದು ತಿಳಿಯುತ್ತದೆ. ಹಗಲು ಸಾಕಷ್ಟು ಉದ್ದವಿದೆ, ಮೈಯೂ ಬೆಳೆದಿದೆ ಅಂತಾದಾಗ ಹೈಪೋಥಾಲಮಸ್ ಒಂದು ಹಾರ್ಮೋನ್ ಬಿಡುತ್ತದೆ, ಅದು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ತನ್ನ ಹಾರ್ಮೋನ್‌ಗಳಿಂದ ಅಂಡಾಶಯವನ್ನು ಎಬ್ಬಿಸುತ್ತದೆ. ಅಂಡಾಶಯ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನ್ ತಯಾರಿಸಲು ತೊಡಗುತ್ತದೆ. ಈಸ್ಟ್ರೋಜೆನ್ ರಕ್ತಕ್ಕೆ ಬಂದ ಮೇಲೆ ಇಡೀ ಮೈಯ ಕೆಲಸವೇ ಬದಲಾಗುತ್ತದೆ.

ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಿಕ್ಕರೆ ಕೋಳಿ ಚೆನ್ನಾಗಿ ಮೊಟ್ಟೆ ಇಡುತ್ತದೆ. ಹಗಲು ಬೆಳೆಯುತ್ತಾ ಹೋಗುವ ಕಾಲದಲ್ಲಿ ಬಲಿತ ಕೋಳಿ ಬೇಗ ಶುರು ಮಾಡುತ್ತದೆ, ಹಗಲು ಕುಗ್ಗುತ್ತಾ ಹೋಗುವ ಕಾಲದಲ್ಲಿ ಬಲಿತದ್ದು ತಡ ಮಾಡುತ್ತದೆ. ಭೂಮಧ್ಯರೇಖೆಯ ಹತ್ತಿರ ಹಗಲು ವರ್ಷವಿಡೀ ಹೆಚ್ಚುಕಡಿಮೆ ಹನ್ನೆರಡು ಗಂಟೆಯೇ ಇರುವುದರಿಂದ ಅಲ್ಲಿ ಈ ಏರಿಳಿತ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿಂದ ದೂರ ಹೋದಷ್ಟೂ ಎದ್ದು ಕಾಣುತ್ತದೆ, ಚಳಿಗಾಲದ ಗಿಡ್ಡ ಹಗಲಿನಲ್ಲಿ ಬಲಿತ ಕೋಳಿ ಎಷ್ಟೋ ಸಲ ಹಗಲು ಮತ್ತೆ ಬೆಳೆಯುವವರೆಗೂ ಸುಮ್ಮನಿದ್ದುಬಿಡುತ್ತದೆ. ಚಳಿಯಿಂದ ಮೊಟ್ಟೆ ನಿಂತಿತು ಅಂತ ಹೇಳುತ್ತೇವಲ್ಲ, ಅಲ್ಲಿ ಚಳಿಗಿಂತ ದೊಡ್ಡ ಕಾರಣ ಕತ್ತಲು.

ಹಾಗಾದರೆ ಗೂಡಿಗೊಂದು ಬಲ್ಬ್ ಹಾಕಿದರಾಯಿತು ಅನ್ನಿಸುತ್ತದೆ. ಹಾಕಬಹುದು. ಪೇಪರ್ ಓದಲು ಆಗುವಷ್ಟು ಬೆಳಕಿದ್ದರೆ ಸಾಕು. ಅದನ್ನು ಬೆಳಗಿನ ಜಾವಕ್ಕೆ ಸೇರಿಸುವುದು ಒಳ್ಳೆಯದು. ಸಂಜೆ ಹಾಕಿ ಒಂದೇ ಸಲ ಆರಿಸಿದರೆ ಕೋಳಿಗಳು ಕತ್ತಲಲ್ಲಿ ಕೂರುವ ಜಾಗ ಸಿಗದೆ ತಡಕಾಡುತ್ತವೆ. ಆದರೆ ಹನ್ನೆರಡು ಹದಿಮೂರು ವಾರದ ಎಳೆಯ ಕೋಳಿಗೆ ಇದನ್ನು ಮಾಡಲೇಬೇಡಿ. ಮೈ ಬಲಿಯುವ ಮುಂಚೆ ಸೂಚನೆ ಸಿಕ್ಕರೆ ಮೊಟ್ಟೆ ಬೇಗ ಬರುತ್ತದೆ ನಿಜ, ಜೊತೆಗೆ ಇನ್ನೂ ಇಕ್ಕಟ್ಟಾದ ಮೈಯಿಂದ ಮೊಟ್ಟೆ ಹೊರಬರುವಾಗ ಒಳಗಿನ ನಾಳವೇ ಹೊರಗೆ ಜಾರಿಬಿಡಬಹುದು. ಅದು ಜೀವಕ್ಕೇ ಅಪಾಯ. ಬೆಳಕು ಹೆಚ್ಚಿಸುವುದಾದರೆ ತಳಿಗೆ ತಕ್ಕ ವಯಸ್ಸಾದ ಮೇಲೆ, ವಾರಕ್ಕೆ ಅರ್ಧ ಗಂಟೆ ಒಂದು ಗಂಟೆಯಂತೆ.

ಈಗ ಒಳಗಿನ ಕೆಲಸಕ್ಕೆ ಬರೋಣ. ಹೆಣ್ಣುಮರಿ ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಸಾವಿರಾರು ಸಣ್ಣ ಸಣ್ಣ ಅಂಡಗಳಿರುತ್ತವೆ. ಅವುಗಳಲ್ಲಿ ಮೊಟ್ಟೆಯಾಗುವುದು ಕೆಲವು ನೂರು ಮಾತ್ರ. ಕೋಳಿಯಲ್ಲಿ ಎಡಗಡೆಯ ಅಂಡಾಶಯ ಒಂದೇ ಬೆಳೆಯುತ್ತದೆ, ಬಲಗಡೆಯದು ಮರಿ ಮೊಟ್ಟೆಯೊಳಗಿರುವಾಗಲೇ ಕುಗ್ಗಿಹೋಗಿರುತ್ತದೆ. ಈಸ್ಟ್ರೋಜೆನ್ ಬಂದ ಮೇಲೆ ಕೋಳಿಯ ಲಿವರ್ ಮೊಟ್ಟೆಯೊಳಗಿನ ಹಳದಿ ಭಂಡಾರಕ್ಕೆ ಬೇಕಾದ ಕೊಬ್ಬು ಮತ್ತು ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಅಂಡಗಳು ಅದನ್ನು ಹೀರಿಕೊಂಡು ಉಬ್ಬುತ್ತವೆ. ಒಂದು ಭಂಡಾರ ಕೊನೆಯ ಹಂತದಲ್ಲಿ ಏಳರಿಂದ ಹತ್ತು ದಿನದಲ್ಲಿ ಪೂರ್ತಿ ಗಾತ್ರಕ್ಕೆ ಬೆಳೆಯುತ್ತದೆ. ಎಲ್ಲವೂ ಒಟ್ಟಿಗೆ ಬೆಳೆಯುವುದಿಲ್ಲ, ಒಂದರ ಹಿಂದೆ ಒಂದು ಸಾಲಾಗಿ. ಅಂದರೆ ನಾಳೆಯದು, ನಾಡಿದ್ದಿನದು, ಅದರಾಚೆಯದು ಎಲ್ಲವೂ ಬೇರೆ ಬೇರೆ ಗಾತ್ರದಲ್ಲಿ ಅಲ್ಲಿ ತಯಾರಾಗುತ್ತಾ ಇರುತ್ತವೆ. ಅದೇ ಹೊತ್ತಿಗೆ ತೆಳು ದಾರದಂತಿದ್ದ ಅಂಡನಾಳ ದಪ್ಪವಾಗುತ್ತಾ ಉದ್ದವಾಗುತ್ತಾ ಸುಮಾರು 65 ಸೆಂಟಿಮೀಟರ್‌ನಷ್ಟಾಗುತ್ತದೆ. ಅಷ್ಟುದ್ದದ ನಾಳ ಆ ಪುಟ್ಟ ಹೊಟ್ಟೆಯಲ್ಲಿ ಸುತ್ತಿಕೊಂಡು ಕೂರಬೇಕು.

ಇದೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಎಲುಬಿನಲ್ಲಿ ನಡೆಯುವ ಕೆಲಸ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಎರಡು ಗ್ರಾಂಗೂ ಸ್ವಲ್ಪ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಕೋಳಿಯ ಇಡೀ ಮೈಯ ಎಲುಬಿನಲ್ಲಿರುವ ಕ್ಯಾಲ್ಸಿಯಂ ಸುಮಾರು 20 ಗ್ರಾಂ. ಲೆಕ್ಕ ಹಾಕಿ ನೋಡಿ, ಒಂದು ಮೊಟ್ಟೆಗೆ ತನ್ನ ಎಲುಬಿನ ಹತ್ತನೇ ಒಂದು ಭಾಗದಷ್ಟು ಸುಣ್ಣ ಬೇಕು, ಅದೂ ದಿನಾ! ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ, ಆಗ ಕೋಳಿ ತಿನ್ನುತ್ತಿರುವುದಿಲ್ಲ. ಹಾಗಾಗಿ ಕೋಳಿಯ ಮೈ ಒಂದು ಉಪಾಯ ಮಾಡಿಕೊಂಡಿದೆ. ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಮುಂಚೆ ಕಾಲಿನಂಥ ಉದ್ದ ಎಲುಬುಗಳ ಟೊಳ್ಳಿನೊಳಗೆ ಹೊಸದೊಂದು ಮೆತ್ತನೆಯ ಎಲುಬು ಬೆಳೆಯಲು ಶುರುವಾಗುತ್ತದೆ. ಅದು ಮೈ ಹೊರುವುದಕ್ಕಲ್ಲ, ಸುಣ್ಣ ಕೂಡಿಟ್ಟುಕೊಳ್ಳುವುದಕ್ಕೆ. ಹಗಲು ತಿಂದದ್ದರಿಂದ ಅದು ತುಂಬುತ್ತದೆ, ರಾತ್ರಿ ಅಲ್ಲಿಂದ ತೆಗೆದು ಚಿಪ್ಪು ಕಟ್ಟುತ್ತದೆ, ಮರುದಿನ ಮತ್ತೆ ತುಂಬುತ್ತದೆ. ಈ ಉಗ್ರಾಣ ತಯಾರಾಗದೆ ಮೊಟ್ಟೆ ಇಡಲು ಶುರು ಮಾಡಿದ ಕೋಳಿ ತನ್ನ ಗಟ್ಟಿ ಎಲುಬನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ. ಆಮೇಲೆ ಕಾಲು ಸೋಲುತ್ತದೆ, ಎಲುಬು ಮುರಿಯುತ್ತದೆ. ನೀವು ಖಾಲಿ ಗೂಡು ನೋಡಿ ಬೇಸರಪಟ್ಟುಕೊಳ್ಳುವ ಆ ಕೊನೆಯ ಹದಿನೈದು ದಿನವೇ ಮುಂದಿನ ಎರಡು ಮೂರು ವರ್ಷದ ಮೊಟ್ಟೆಗೆ ಅಡಿಪಾಯ ಹಾಕುತ್ತಿರುವ ದಿನಗಳು.

ಇಲ್ಲಿಗೆ ಬಂದ ಮೇಲೆ ಮೇವಿನ ವಿಷಯ ತಾನಾಗಿ ಅರ್ಥವಾಗುತ್ತದೆ. ಮೊಟ್ಟೆಕೋಳಿಯ ಮೇವಿನಲ್ಲಿ ನೂರಕ್ಕೆ ಮೂರೂವರೆಯಿಂದ ನಾಲ್ಕೂವರೆ ಭಾಗ ಕ್ಯಾಲ್ಸಿಯಂ ಇರುತ್ತದೆ, ಬೆಳೆಯುವ ಕೋಳಿಯ ಮೇವಿನಲ್ಲಿ ಸುಮಾರು ಒಂದು ಭಾಗ ಮಾತ್ರ. ಬೇಗ ಮೊಟ್ಟೆ ಇಡಲಿ ಅಂತ ಮೂರು ತಿಂಗಳಿಗೇ ಮೊಟ್ಟೆಕೋಳಿಯ ಮೇವು ಹಾಕುವವರನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಮೊಟ್ಟೆ ಇಡದ ಕೋಳಿಗೆ ಅಷ್ಟು ಸುಣ್ಣ ಹಾಕಿಕೊಳ್ಳಲು ಜಾಗ ಇಲ್ಲ, ಅದನ್ನು ಹೊರಗೆ ಹಾಕುವ ಹೊರೆಯೆಲ್ಲ ಕಿಡ್ನಿಯ ಮೇಲೆ ಬೀಳುತ್ತದೆ, ಕಿಡ್ನಿ ಹಾಳಾಗುತ್ತದೆ. ಆ ಹಾನಿ ಹೊರಗೆ ಕಾಣುವುದಿಲ್ಲ, ತಿಂಗಳುಗಳ ನಂತರ ಕೋಳಿ ಇದ್ದಕ್ಕಿದ್ದಂತೆ ಸೊರಗಿ ಸಾಯುತ್ತದೆ. ಮೊಟ್ಟೆಯನ್ನು ಮೇವಿನಿಂದ ಎಳೆದು ತರಲು ಆಗುವುದಿಲ್ಲ. ಮರಿಗೆ ಮೊದಲ ಆರೇಳು ವಾರ ನೂರಕ್ಕೆ 18ರಿಂದ 20 ಭಾಗ ಪ್ರೋಟೀನ್ ಇರುವ ಮರಿಮೇವು, ಆಮೇಲೆ 15, 16 ಭಾಗ ಇರುವ ಬೆಳವಣಿಗೆಯ ಮೇವು. ಮೊದಲ ಮೊಟ್ಟೆ ಕಂಡಾಗ, ಇಲ್ಲವೇ ಜುಟ್ಟು ಚೆನ್ನಾಗಿ ಕೆಂಪಾದಾಗ ಮೊಟ್ಟೆಕೋಳಿಯ ಮೇವಿಗೆ ಒಂದು ವಾರದಲ್ಲಿ ನಿಧಾನವಾಗಿ ಬದಲಿಸಿ. ಗುಂಪಿನಲ್ಲಿ ಬೇರೆ ಬೇರೆ ವಯಸ್ಸಿನವು ಇದ್ದರೆ ಎಲ್ಲಕ್ಕೂ ಬೆಳವಣಿಗೆಯ ಮೇವನ್ನೇ ಕೊಟ್ಟು, ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಇಟ್ಟುಬಿಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ, ಬೇಡದ್ದು ಮೂಸಿಯೂ ನೋಡುವುದಿಲ್ಲ. ಈ ವಿಷಯದಲ್ಲಿ ಕೋಳಿಯ ನಾಲಿಗೆಯನ್ನು ನಂಬಬಹುದು.

ಬಿಡಿ ಕಾಳು, ಅಡುಗೆಮನೆಯ ಉಳಿಕೆ ಎಲ್ಲ ಸೇರಿ ಒಟ್ಟು ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ. ಬರೀ ಕಾಳು ತಿಂದ ಕೋಳಿ ದುಂಡಗಾಗುತ್ತದೆ, ಆದರೆ ಮೊಟ್ಟೆಗೆ ಬೇಕಾದ ಪ್ರೋಟೀನ್ ಅದರಲ್ಲಿ ಸಾಲದು. ಬೆಳೆದ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಮೇವು ತಿನ್ನುತ್ತದೆ, ಅದರ ಎರಡು ಪಟ್ಟು ನೀರು ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಜಾಸ್ತಿ. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ ಅಲ್ವಾ! ನೀರಿನ ಬಟ್ಟಲು ಅರ್ಧ ದಿನ ಒಣಗಿದ್ದರೂ ಮೊಟ್ಟೆಯ ಲೆಕ್ಕ ತಪ್ಪುತ್ತದೆ. ಮೇವಿಗೆ ತೋರಿಸುವ ಕಾಳಜಿಯ ಅರ್ಧದಷ್ಟನ್ನೂ ನಾವು ನೀರಿಗೆ ತೋರಿಸುವುದಿಲ್ಲ.

ಮರಿಯಾಗಿದ್ದಾಗಿನ ದಿನಗಳೂ ಇದಕ್ಕೆ ಸೇರಿದವೇ. ಕೋಳಿಯ ಎಲುಬಿನ ಚೌಕಟ್ಟು ಬಹುಪಾಲು ಮೊದಲ 12 ವಾರದಲ್ಲೇ ಬೆಳೆದು ಮುಗಿಯುತ್ತದೆ. ಮೊದಲ ವಾರ 32ರಿಂದ 35 ಡಿಗ್ರಿ ಬಿಸಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಕಡಿಮೆ. ಥರ್ಮಾಮೀಟರ್‌ಗಿಂತ ಮರಿಗಳನ್ನು ನೋಡುವುದೇ ಒಳ್ಳೆಯದು. ದೀಪದ ಕೆಳಗೆ ಒಂದರ ಮೇಲೊಂದು ಗುಂಪಾದರೆ ಚಳಿ, ಮೂಲೆಗೆ ಓಡಿ ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಚಿಲಿಪಿಲಿ ಅಂದುಕೊಂಡಿದ್ದರೆ ಸರಿ ಇದೆ. ಈ ಹಂತದಲ್ಲಿ ಕಾಯಿಲೆ ಬಿದ್ದು, ಹಸಿದು, ಇಕ್ಕಟ್ಟಿನಲ್ಲಿ ಬೆಳೆದ ಮರಿ ಮುಂದೆ ಮೊಟ್ಟೆಗೂ ತಡ ಮಾಡುತ್ತದೆ.

ಹತ್ತಿರ ಬಂತು ಅಂತ ತಿಳಿಯುವುದು ಹೇಗೆ? ಮುಖ ನೋಡಿ. ತಿಳಿ ಗುಲಾಬಿ ಬಣ್ಣದಲ್ಲಿ ಒಣಗಿದ ಹಾಗಿದ್ದ ಜುಟ್ಟು, ಗದ್ದದ ಕೆಳಗಿನ ತೊಗಲು ಎರಡೂ ದಪ್ಪವಾಗಿ, ಮೆತ್ತಗಾಗಿ, ಮೇಣ ಹಚ್ಚಿದ ಹಾಗೆ ಕೆಂಪಾಗುತ್ತವೆ. ಅಂಡಾಶಯ ಈಸ್ಟ್ರೋಜೆನ್ ಜೊತೆ ಸ್ವಲ್ಪ ಪ್ರಮಾಣದಲ್ಲಿ ಟೆಸ್ಟೋಸ್ಟಿರಾನ್ ಕೂಡ ತಯಾರಿಸುತ್ತದೆ, ಜುಟ್ಟಿಗೆ ಬಣ್ಣ ತರುವುದು ಅದು. ಅಂದರೆ ಕೆಂಪು ಜುಟ್ಟು ಅಂದರೆ ಒಳಗೆ ಅಂಡಾಶಯ ಎದ್ದಿದೆ ಅಂತ ಅರ್ಥ. ಆಮೇಲೆ ಒಂದು ದಿನ ನೀವು ಹತ್ತಿರ ಹೋದಾಗ, ಅಲ್ಲಿಯವರೆಗೆ ಕೈಗೆ ಸಿಗದೆ ಓಡುತ್ತಿದ್ದ ಕೋಳಿ ಇದ್ದಕ್ಕಿದ್ದಂತೆ ಮಂಡಿ ಮಡಚಿ, ರೆಕ್ಕೆ ಸ್ವಲ್ಪ ಅಗಲಿಸಿ, ಬೆನ್ನು ಒಡ್ಡಿ ಕೂತುಬಿಡುತ್ತದೆ. ಹೆದರಿ ಕೂತದ್ದಲ್ಲ, ಹುಂಜಕ್ಕೆ ಒಪ್ಪಿಗೆ ಕೊಡುವ ಭಂಗಿ ಅದು. ಇದು ಕಂಡರೆ ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಮೊಟ್ಟೆ. ಹುಂಜ ಇಲ್ಲದಿದ್ದರೂ ಮೊಟ್ಟೆ ಬರುತ್ತದೆ, ಮರಿಯಾಗುವುದಿಲ್ಲ ಅಷ್ಟೆ.

ಇನ್ನೂ ಖಾತ್ರಿ ಬೇಕಿದ್ದರೆ ಕೋಳಿಯನ್ನು ಮೆಲ್ಲಗೆ ಎತ್ತಿಕೊಂಡು, ತಲೆ ನಿಮ್ಮ ಕಂಕುಳ ಕಡೆ ಬರುವಂತೆ ಹಿಡಿದು, ಬಾಲದ ಕೆಳಗೆ ಮೊಟ್ಟೆ ಬರುವ ದ್ವಾರದ ಎರಡೂ ಪಕ್ಕ ಮುಟ್ಟಿ ನೋಡಿ. ಎರಡು ಚೂಪು ಎಲುಬಿನ ತುದಿ ಸಿಗುತ್ತವೆ. ಎಳೆಯ ಕೋಳಿಯಲ್ಲಿ ಅವುಗಳ ನಡುವೆ ಒಂದು ಬೆರಳೂ ಕಷ್ಟದಲ್ಲಿ ಹಿಡಿಸುತ್ತದೆ. ಮೊಟ್ಟೆಯ ದಿನ ಹತ್ತಿರವಾದಾಗ ಎರಡು ಬೆರಳು, ಮೊಟ್ಟೆ ಇಡುವಾಗ ಮೂರು. ದ್ವಾರವೂ ಸಣ್ಣಗೆ ಒಣಗಿ ದುಂಡಗಿದ್ದದ್ದು ಅಗಲವಾಗಿ ಒದ್ದೆಯಾಗಿರುತ್ತದೆ. ವಾರಕ್ಕೊಂದು ಸಲ ನೋಡಿದರೆ ಸಾಕು, ದಿನಾ ಹಿಡಿದು ನೋಡುತ್ತಿದ್ದರೆ ಕೋಳಿ ಗಾಬರಿಯಾಗುತ್ತದೆ.

ಕೋಳಿಯೂ ಈ ದಿನಗಳಲ್ಲಿ ಗೂಡು ಹುಡುಕುತ್ತದೆ. ಪೆಟ್ಟಿಗೆಯೊಳಗೆ ಹೋಗಿ ಹುಲ್ಲು ಕೆದಕಿ, ಕೂತು, ಎದ್ದು, ಹೊರಗೆ ಬಂದು ಗೊಣಗುತ್ತದೆ. ನಾಲ್ಕೈದು ಕೋಳಿಗೆ ಒಂದು ಪೆಟ್ಟಿಗೆ ಸಾಕು, ಒಂದಡಿ ಉದ್ದ ಅಗಲ ಎತ್ತರ, ಸ್ವಲ್ಪ ಕತ್ತಲಾಗಿರಬೇಕು. ರಾತ್ರಿ ಕೂರುವ ಕೋಲಿಗಿಂತ ಪೆಟ್ಟಿಗೆ ಕೆಳಗಿರಲಿ. ಕೋಳಿ ಮಲಗುವುದು ಎತ್ತರದಲ್ಲಿ, ಪೆಟ್ಟಿಗೆ ಮೇಲಿದ್ದರೆ ಅಲ್ಲೇ ಮಲಗಿ ಹಿಕ್ಕೆ ಹಾಕುತ್ತದೆ. ಪಿಂಗಾಣಿಯದೋ ಮರದ್ದೋ ಒಂದು ಸುಳ್ಳು ಮೊಟ್ಟೆ ಇಟ್ಟರೆ ಇದು ಸುರಕ್ಷಿತ ಜಾಗ ಅಂತ ಕೋಳಿಗೆ ಅನ್ನಿಸುತ್ತದೆ.

ಕೊನೆಗೊಂದು ದಿನ ಮೊಟ್ಟೆ ಬಂತು. ಪುಟ್ಟದು. ಅಂಥ ಮೊದಲ ಮೊಟ್ಟೆಯನ್ನು ಕೈಯಲ್ಲಿ ಹಿಡಿದಾಗಿನ ಬಿಸಿ ನನಗೆ ಪ್ರತಿ ಸಲವೂ ಹೊಸದೇ. ಮೊದಲ ಕೆಲವು ವಾರದ ಮೊಟ್ಟೆಗಳು ವಿಚಿತ್ರವಾಗಿಯೂ ಇರಬಹುದು. ಒಂದರಲ್ಲಿ ಭಂಡಾರವೇ ಇರುವುದಿಲ್ಲ, ಇನ್ನೊಂದರಲ್ಲಿ ಎರಡಿರುತ್ತವೆ, ಮತ್ತೊಂದು ಚಿಪ್ಪೇ ಇಲ್ಲದ ತೊಗಲುಮೊಟ್ಟೆ, ಕೆಲವದರ ಮೇಲೆ ರಕ್ತದ ಗೆರೆ. ಅಂಡಾಶಯ ಮತ್ತು ನಾಳ ಇನ್ನೂ ಹೊಂದಿಕೊಳ್ಳುತ್ತಿರುವ ಗುರುತು ಇವು. ಎರಡು ಭಂಡಾರ ಒಟ್ಟಿಗೆ ಜಾರಿದರೆ ಜೋಡಿ, ಚಿಪ್ಪು ಕಟ್ಟುವ ಮೊದಲೇ ನಾಳ ಹೊರಗೆ ತಳ್ಳಿದರೆ ತೊಗಲುಮೊಟ್ಟೆ. ಆರೇಳು ವಾರದಲ್ಲಿ ಎಲ್ಲ ಸರಿಹೋಗುತ್ತದೆ. ಆಮೇಲೂ ತೊಗಲುಮೊಟ್ಟೆ ಬರುತ್ತಲೇ ಇದ್ದರೆ ಸುಣ್ಣದ ಅಂಶ ನೋಡಿಕೊಳ್ಳಿ.

ಮೊದಲ ಮೊಟ್ಟೆ ಬಂದ ಮರುದಿನ ಗೂಡು ಮತ್ತೆ ಖಾಲಿ ಇರಬಹುದು. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಭಂಡಾರ ಅಂಡಾಶಯದಿಂದ ಬಿಡಿಸಿಕೊಂಡು ನಾಳದ ಬಾಯಿಗೆ ಬೀಳುತ್ತದೆ, ಅಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ. ಬಿಳಿ ಲೋಳೆ ಸುತ್ತಿಕೊಳ್ಳಲು ಮೂರು ಗಂಟೆ. ತೆಳು ಪೊರೆಗಳಿಗೆ ಒಂದು ಗಂಟೆ ಚಿಲ್ಲರೆ. ಉಳಿದ ಸುಮಾರು 20 ಗಂಟೆ ಪೂರ್ತಿ ಚಿಪ್ಪಿಗೆ. ಕಂದು ಮೊಟ್ಟೆಯ ಬಣ್ಣ ಬರುವುದು ಹೆಚ್ಚಾಗಿ ಕಡೆಯ ಕೆಲವು ಗಂಟೆಗಳಲ್ಲಿ, ಅದಕ್ಕೇ ಅದರ ಚಿಪ್ಪಿನ ಒಳಗೆ ಬಿಳಿಯೇ ಇರುತ್ತದೆ. ಮೊಟ್ಟೆ ಹೊರಬಂದು ಅರ್ಧ ಗಂಟೆಗೆ ಮುಂದಿನ ಭಂಡಾರ ಜಾರುತ್ತದೆ. ಹೀಗೆ ದಿನಕ್ಕಿಂತ ಒಂದೆರಡು ಗಂಟೆ ಜಾಸ್ತಿ ಹಿಡಿಯುವುದರಿಂದ ಇವತ್ತು ಬೆಳಗ್ಗೆ ಏಳಕ್ಕೆ ಇಟ್ಟದ್ದು ನಾಳೆ ಎಂಟೂವರೆಗೆ, ನಾಡಿದ್ದು ಹತ್ತಕ್ಕೆ ಇಡುತ್ತದೆ. ಭಂಡಾರ ಜಾರಲು ಬೇಕಾದ ಹಾರ್ಮೋನ್ ರಾತ್ರಿಯ ಒಂದು ನಿಗದಿತ ಅವಧಿಯಲ್ಲಿ ಮಾತ್ರ ಏರುತ್ತದೆ. ಮೊಟ್ಟೆಯ ಹೊತ್ತು ಮಧ್ಯಾಹ್ನ ದಾಟಿದ ಮೇಲೆ ಆ ಅವಧಿ ತಪ್ಪಿಹೋಗುತ್ತದೆ, ಕೋಳಿ ಒಂದು ದಿನ ಬಿಡುತ್ತದೆ, ಮತ್ತೆ ಬೆಳಗ್ಗೆಯಿಂದ ಶುರು. ನಿಮ್ಮ ಕೋಳಿ ಐದು ದಿನ ಇಟ್ಟು ಆರನೇ ದಿನ ಬಿಟ್ಟರೆ ಅದು ಸೋಮಾರಿಯಲ್ಲ, ಅದರ ಗಡಿಯಾರ ನಮ್ಮ ಗಡಿಯಾರಕ್ಕಿಂತ ಸ್ವಲ್ಪ ಉದ್ದ.

ಲಕ್ಷಣ ಎಲ್ಲ ಬಂದು, ತಳಿಗೆ ತಕ್ಕ ವಯಸ್ಸೂ ಮೀರಿ, ಆಮೇಲೂ ಮೊಟ್ಟೆ ಇಲ್ಲದಿದ್ದರೆ ಹುಡುಕಬೇಕು. ಮೊದಲು ನೋಡಬೇಕಾದದ್ದು ಅದು ಹೇಂಟೆಯೇ ಹೌದಾ ಅಂತ. ಹದಿನಾರು ವಾರದ ಹೊತ್ತಿಗೆ ಕುತ್ತಿಗೆಯ ಮೇಲೆ, ಬಾಲದ ಬುಡದಲ್ಲಿ ಉದ್ದನೆಯ ಚೂಪು ಹೊಳೆಯುವ ಗರಿ ಬಂದಿದ್ದರೆ ಅದು ಹುಂಜ. ಹೇಂಟೆಯ ಗರಿ ತುದಿಯಲ್ಲಿ ದುಂಡಗಿರುತ್ತದೆ. ಆಮೇಲೆ ರಾತ್ರಿ ಟಾರ್ಚ್ ಹಿಡಿದು ಕೋಲಿನ ಸಂದುಗಳನ್ನು ನೋಡಿ. ಕೆಂಪು ನುಸಿಗಳು ಹಗಲು ಅಲ್ಲಿ ಅಡಗಿದ್ದು ರಾತ್ರಿ ಕೋಳಿಯ ರಕ್ತ ಹೀರುತ್ತವೆ, ಹಗಲಿನಲ್ಲಿ ಕೋಳಿಯ ಮೈ ನೋಡಿದರೆ ಏನೂ ಸಿಗುವುದಿಲ್ಲ. ಜುಟ್ಟು ಬಿಳಿಚಿಕೊಂಡಿದ್ದರೆ ಇದನ್ನು ಮೊದಲು ಅನುಮಾನಿಸಿ. ಹೊಟ್ಟೆಯ ಹುಳ, ಜಾಗ ಬದಲಾವಣೆ, ಗುಂಪಿಗೆ ಹೊಸ ಕೋಳಿ ಬಂದು ಕುಕ್ಕಾಟ, ನಾಯಿಯ ಕಾಟ, ಇವೆಲ್ಲವೂ ಎರಡು ಮೂರು ವಾರ ತಡ ಮಾಡಿಸುತ್ತವೆ. ಸೆಕೆ ಕೂಡ. ಕೋಳಿಗೆ ಬೆವರುವುದಕ್ಕೆ ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು, ಆಗ ತಿನ್ನುವುದು ಕಡಿಮೆಯಾಗುತ್ತದೆ, ಚಿಪ್ಪೂ ತೆಳ್ಳಗಾಗುತ್ತದೆ. ನೆರಳು ಮತ್ತು ತಣ್ಣನೆಯ ನೀರು ಕೊಡಿ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಕೋಳಿ ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ನಿಂತಿದೆ, ಮೈ ನೆಟ್ಟಗೆ ಮಾಡಿ ಬಾಲ ಕೆಳಗೆ ಹಾಕಿದೆ, ಮತ್ತೆ ಮತ್ತೆ ಮುಕ್ಕರಿಯುತ್ತಿದೆ, ಏನೂ ಬರುತ್ತಿಲ್ಲ ಅಂದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಉಗುರುಬೆಚ್ಚನೆಯ ನೀರಿನಲ್ಲಿ ಹೊಟ್ಟೆ ಮುಳುಗುವಂತೆ ಇಪ್ಪತ್ತು ನಿಮಿಷ ಹಿಡಿದು, ಬೆಚ್ಚಗೆ ಕತ್ತಲಲ್ಲಿ ಬಿಡಿ. ಒತ್ತಿ ತೆಗೆಯಲು ಹೋಗಬೇಡಿ, ಒಳಗೆ ಒಡೆದರೆ ಇನ್ನೂ ಕಷ್ಟ. ಸ್ವಲ್ಪ ಹೊತ್ತಿನಲ್ಲಿ ಬರದಿದ್ದರೆ ಪಶುವೈದ್ಯರ ಹತ್ತಿರ ಅವತ್ತೇ ಕರೆದುಕೊಂಡು ಹೋಗಿ.

ಇನ್ನೊಂದು ಸಾಧ್ಯತೆ, ಕೋಳಿ ಮೊಟ್ಟೆ ಇಡುತ್ತಲೇ ಇದೆ, ನಿಮಗೆ ಸಿಗುತ್ತಿಲ್ಲ. ನಮ್ಮ ಹಿತ್ತಲಿನ ಒಂದು ಕರಿ ಹೇಂಟೆ ಜುಟ್ಟು ಕೆಂಪಾಗಿ, ಬೆನ್ನು ಒಡ್ಡಿ ಕೂತು, ಮೂರು ಬೆರಳೂ ಹಿಡಿಸಿ, ವಾರಗಟ್ಟಲೆ ಏನೂ ಕೊಟ್ಟಿರಲಿಲ್ಲ. ಕಡೆಗೆ ಅದು ಕೊಕ್ಕೊಕ್ಕೋ ಅಂತ ಕೂಗುತ್ತಾ ಸೌದೆ ರಾಶಿಯ ಹಿಂದಿನಿಂದ ಬಂದದ್ದನ್ನು ನೋಡಿ ಹುಡುಕಿದರೆ ಅಲ್ಲಿ ಹನ್ನೊಂದು ಮೊಟ್ಟೆ. ಅನುಮಾನ ಇದ್ದರೆ ಮೂರು ನಾಲ್ಕು ದಿನ ಮಧ್ಯಾಹ್ನದವರೆಗೆ ಕೋಳಿಯನ್ನು ಗೂಡಿನಲ್ಲೇ ಇರಿಸಿ, ಪೆಟ್ಟಿಗೆಯಲ್ಲಿ ಇಡುವ ಅಭ್ಯಾಸ ಆಗುತ್ತದೆ. ಹೀಗೆ ಸಿಕ್ಕ ಮೊಟ್ಟೆಗಳನ್ನು ನೀರಿನ ಪಾತ್ರೆಯಲ್ಲಿ ಬಿಟ್ಟು ನೋಡಿ. ಹೊಸದು ತಳದಲ್ಲಿ ಅಡ್ಡ ಮಲಗುತ್ತದೆ, ಸ್ವಲ್ಪ ದಿನ ಆದದ್ದು ಎದ್ದು ನಿಲ್ಲುತ್ತದೆ, ಒಳಗೆ ಗಾಳಿ ಜಾಸ್ತಿಯಾದ ಹಳೆಯದು ತೇಲುತ್ತದೆ. ತೇಲಿದ್ದನ್ನು ಬಿಸಾಡಿ, ನೀರಿಗೆ ಹಾಕಿದ ಉಳಿದವನ್ನು ಅವತ್ತೇ ಬಳಸಿಬಿಡಿ. ಮೊಟ್ಟೆಯ ಮೇಲೆ ಕೋಳಿಯೇ ಹಚ್ಚಿ ಕಳಿಸುವ ಒಂದು ತೆಳು ಲೇಪ ಇರುತ್ತದೆ, ಚಿಪ್ಪಿನ ಸಾವಿರಾರು ಸಣ್ಣ ರಂಧ್ರಗಳನ್ನು ಮುಚ್ಚುವುದು ಅದೇ, ತೊಳೆದರೆ ಹೋಗಿಬಿಡುತ್ತದೆ. ಗೂಡಿನಿಂದ ದಿನಾ ಸಿಗುವ ಚೊಕ್ಕ ಮೊಟ್ಟೆಯನ್ನು ತೊಳೆಯದೆ ಹಾಗೇ ತಂಪಾದ ಜಾಗದಲ್ಲಿ ಇಡಿ, ಕೈ ಮಾತ್ರ ಚೆನ್ನಾಗಿ ತೊಳೆದುಕೊಳ್ಳಿ.